ಗುಂಡುಸೂಜಿ ಲೆಕ್ಕ

ತುಳಸಾಬಾಯಿ ತಂದದ್ದು ವಾಚು.
ದಿನಕ್ಕೆ ಅರ್ಧ ಗಂಟೆ ಮುಂದೋಡುತ್ತಿತ್ತು.
ಮಾರ್ಕೆಟ್ ರಸ್ತೆಯ ನನ್ನ ಗೂಡಂಗಡಿಯ ಗಾಜಿನ ಮೇಲಿಟ್ಟು
'ಅರವತ್ತೆಂಟಕ್ಕೆ ಇದೇನಪ್ಪ ಅವಸರ' ಅಂದರು.

ಮುಚ್ಚಳ ಬಿಚ್ಚುವ ಮೊದಲೇ ಗೊತ್ತಾಯಿತು.
ವಾಚು ಕಟ್ಟುವ ಕೈಯಲ್ಲೇ ಕಪ್ಪು ಕಲ್ಲಿನ ಬಳೆ,
ಬಳೆ ತುಂಬ ಗುಂಡುಸೂಜಿ,
ಮುಳ್ಳುಹಂದಿ ಮರಿಯೊಂದು
ಮಣಿಕಟ್ಟು ಸುತ್ತಿಕೊಂಡು ಮಲಗಿದ ಹಾಗೆ.
ರವಿಕೆ ಹೊಲಿಯುವ ಕೈ. ಪಿನ್ನಿನ ಡಬ್ಬಿ
ತಡಕಾಡುವುದು ತಪ್ಪಿತಲ್ಲ, ಅಷ್ಟೇ ಸಾಕು ಅವರಿಗೆ.

ದಿಕ್ಸೂಚಿ ಹತ್ತಿರ ಹಿಡಿದೆ.
ಮುಳ್ಳು ಬಾಬಾಬುಡನ್‌ಗಿರಿಯನ್ನು ಬಿಟ್ಟು
ಬಾಯಿಯವರ ಕೈ ಕಡೆ ತಿರುಗಿತು.

ಒಳಗೆ ಕೂದಲೆಳೆಯಂಥ ಸುರುಳಿ.
ಕಾಂತ ತಗುಲಿದರೆ ಸುತ್ತಿಗೆ ಸುತ್ತು ಅಂಟಿಕೊಳ್ಳುತ್ತದೆ,
ಉಸಿರು ಮೊಟಕಾಗುತ್ತದೆ, ಮುಳ್ಳು ಓಡುತ್ತದೆ.
ಗೌಸ್ ಸಾಹೇಬರು ಬಿಟ್ಟುಹೋದ ನೀಲಿ ಡಬ್ಬಿಯ ಮೇಲಿಟ್ಟು
ಗುಂಡಿ ಒತ್ತಿ, ಮೆಲ್ಲಗೆ ಮೇಲೆತ್ತಿದೆ.
ಮುಗಿಯಿತು. ಇಪ್ಪತ್ತು ರೂಪಾಯಿ.

ಅವರು ಏಳಲಿಲ್ಲ.
'ಇದರದ್ದು ಆಯಸ್ಸು ಎಷ್ಟು?' ಬಳೆ ತೋರಿಸಿದರು.
ಬಸ್‌ಸ್ಟ್ಯಾಂಡಿನಲ್ಲಿ ಮಾರಿದವನು ಐದು ವರ್ಷ ಅಂದಿದ್ದನಂತೆ.
ಕುದುರೆಮುಖದ ಕಲ್ಲು ಅಂದಿದ್ದನಂತೆ.
ಬಿಪಿ ಇಳಿಯುತ್ತೆ ಅಂತಲೂ.
ಬಿಪಿ ಇಳಿದಿಲ್ಲ.
ಕಲ್ಲು ಕುದುರೆಮುಖದ್ದೂ ಅಲ್ಲ, ಎಲ್ಲೋ ಪುಡಿ ಒತ್ತಿ, ಸುಟ್ಟು,
ಯಂತ್ರದಲ್ಲಿ ಕಾಂತ ತುಂಬಿದ್ದು. ಅದನ್ನು ನಾನು ಹೇಳಲಿಲ್ಲ.

'ಐದು ವರ್ಷ ಈ ಶುಕ್ರವಾರಕ್ಕೆ ತುಂಬುತ್ತೆ.
ತಂದ ದಿನವೇ ಎಣಿಸಿದ್ದೆ, ನಲವತ್ತನಾಲ್ಕು ಪಿನ್ನು ಹಿಡೀತು.
ಈಗ ಮೂವತ್ತೆಂಟು.
ಮೂವತ್ತೊಂಬತ್ತನೇದು ನಿಲ್ಲಲ್ಲ, ಕಾಲ ಮೇಲೆ ಬೀಳುತ್ತೆ.
ಇಳೀತಾ ಬಂತು, ಅಲ್ವಾ?'

ಕೆಂಡದಲ್ಲಿ ಹಾಕಿದರೆ ಹೋಗುತ್ತದೆ ಅಂದೆ.
ಸುತ್ತಿಗೆಯಲ್ಲಿ ಬಡಿದರೆ, ನನ್ನ ಈ ಡಬ್ಬಿಯಂಥ
ದೊಡ್ಡದಕ್ಕೆ ಕೊಟ್ಟರೆ.
'ಜ್ವರ ಬಂದ್ರೆ? ಹೋದ ಶ್ರಾವಣ ನೂರಮೂರು ಇತ್ತು.'
ಜ್ವರ ಯಾವ ಲೆಕ್ಕ ಬಾಯಿ,
ಇಸ್ತ್ರಿ ಪೆಟ್ಟಿಗೆಯೇ ಸಾಲದು.
'ಸ್ನಾನ?' ಇಲ್ಲ. 'ಕಣ್ಣೀರು?' ಅಂತ ಕೇಳಿ
ತಾವೇ ನಕ್ಕುಬಿಟ್ಟರು.

ಹಾಗಾದರೆ ಆ ಆರು ಪಿನ್ನು?

ಬಳೆ ಬಿಚ್ಚಿಸಿ ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡೆ.
ಎಲಾಸ್ಟಿಕ್ಕಿನಲ್ಲಿ ಒಂದು ಗಂಟು,
ದರ್ಜಿ ಗಂಟು, ಬಿಗಿ, ತುದಿ ಕಾಣದಂತೆ ಕತ್ತರಿಸಿದ್ದು.
ಯಾವಾಗ ಹರಿದದ್ದು?
'ಮೂರು ವರ್ಷ ಆಯ್ತೇನೋ. ಮದುವೆ ಸೀಸನ್ನು,
ರಾತ್ರಿ, ಕರೆಂಟಿಲ್ಲ, ಮೇಣದಬತ್ತಿ.
ಸಿಕ್ಕಿದ್ದು ಪೋಣಿಸಿಕೊಂಡೆ.'

ಎಣಿಸಿದೆ. ಹತ್ತೊಂಬತ್ತು ಮಣಿ.
ಒಂದೊಂದಕ್ಕೂ ಪಿನ್ನು ಹಿಡಿದು ನೋಡಿದೆ:
ಎರಡು. ಎರಡು. ಎರಡು.
ಬಾಯಿ ತುಟಿ ಅಲ್ಲಾಡಿಸುತ್ತ ಜೊತೆಗೆ ಎಣಿಸುತ್ತಿದ್ದರು,
ಎರಡನೇ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ.
ಮೂವತ್ತೆಂಟಕ್ಕೆ ನಿಂತು ನನ್ನ ಮುಖ ನೋಡಿದರು.

ಕಲ್ಲಿನ ಶಕ್ತಿ ಇಳಿದಿಲ್ಲ ಬಾಯಿ,
ಮೂರು ಕಲ್ಲು ಇಲ್ಲ, ಅಷ್ಟೇ.

'ಅಯ್ಯೋ' ಅಂದರು. 'ಬಳೆ ಬಿಗಿಯಾದಾಗ
ನಾನೇ ದಪ್ಪ ಆದೆ ಅಂದ್ಕೊಂಡು
ಮೂರು ವರ್ಷದಿಂದ ರಾತ್ರಿ ಊಟ ಬಿಟ್ಟಿದ್ದೀನಲ್ಲೋ.'

ಸೋಮವಾರ ಮತ್ತೆ ಬಂದರು,
ವಾಚು ಬಲಗೈಗೆ ಬದಲಾಗಿತ್ತು, ಸಮಯ ಸರಿಯಿತ್ತು.
ಒಂದು ಸಿಕ್ಕಿತಂತೆ.
ಹೊಲಿಗೆ ಮಿಷನ್ನಿನ ಕೆಳಗೆ, ತುಳಿಯುವ ಹಲಗೆಯ ಹಿಂದೆ,
ಕಬ್ಬಿಣದ ಕಾಲಿಗೆ ಕಚ್ಚಿಕೊಂಡು,
ಮೂರು ವರ್ಷದ ನೂಲು, ಹೊಟ್ಟು, ತುಂಡು ಸೂಜಿ ಹೊದ್ದುಕೊಂಡು
ಇಲಿಮರಿಯ ಹಾಗೆ ಕೂತಿತ್ತಂತೆ.
ದಿನಕ್ಕೆ ಹತ್ತು ಗಂಟೆ ತುಳಿದಿದ್ದಾರೆ, ಅದು ಅಲುಗಿಲ್ಲ.

ಕೊಡಿ, ಪೋಣಿಸಿಕೊಡ್ತೀನಿ ಅಂದೆ.
'ತಂದಿಲ್ಲ' ಅಂದರು.
'ಕಿತ್ತೆ, ಮತ್ತೆ ಅಲ್ಲೇ ಅಂಟಿಸಿದೆ.
ಕೆಳಗೆ ಬಿದ್ದ ಪಿನ್ನು ಬಗ್ಗಿ ಎತ್ತೋಕೆ
ನನಗೆ ಈಗ ಆಗಲ್ಲ ನೋಡು.'